ಗುರ್ಜರ ಸಮುದ್ರದ ನಾಮಾವಳಿ

ಅಹಮದಾಬಾದಿನ ಪಶ್ಚಿಮ ಪಾರ್ಶ್ವದಲ್ಲಿ, ಒಂದು ತಲೆಮಾರಿನ ಹಿಂದೆ ಹೊಲಗಳ ನಡುವಣ ಗ್ರಾಮವಾಗಿದ್ದು ಇಂದು ಬಹುಮಹಡಿಯ ಸೌಧಗಳ ಉಪನಗರವಾಗಿ ಬೆಳೆದಿರುವ ಬೋಪಾಲಿನಲ್ಲಿ ವಾಸಿಸತಕ್ಕವರಿಗೆ, ತಮ್ಮ ಕಾಲಡಿಯ ನೆಲವು ಒಂದಾನೊಂದು ಯುಗದಲ್ಲಿ ಸಮುದ್ರಗರ್ಭವಾಗಿದ್ದಿತೆಂಬುದನ್ನು ತಿಳಿಸಬಲ್ಲ ಯಾವ ಕುರುಹೂ ಕಣ್ಣಿಗೆ ಬೀಳುವುದಿಲ್ಲ. ಮೇಲೆ ನದಿಗಳು ತಂದೊಟ್ಟಿದ ಮೆಕ್ಕಲು ಮಣ್ಣು. ಅದರ ಕೆಳಗೆ ಮರಳು ಮತ್ತು ಜೇಡಿಯ ಪದರಗಳು. ಇನ್ನೂ ಕೆಳಗೆ, ಎಣ್ಣೆಬಾವಿ ಕೊರೆಯುವವರ ಉಕ್ಕಿನ ಕೊಳವೆಗಳು ಮಾತ್ರವೇ ಮುಟ್ಟಬಲ್ಲ ಆಳದಲ್ಲಿ, ಖಂಭಾತ್ ಜೇಡಿಶಿಲೆಯೆಂದು ಭೂವಿಜ್ಞಾನಿಗಳು ಕರೆಯುವ ಕಪ್ಪು ಶಿಲೆಯ ದಪ್ಪ ಸ್ತರ. ಎಲ್ಲಕ್ಕೂ ತಳದಲ್ಲಿ ದಖ್ಖನದ ಲಾವಾಶಿಲೆ. ಉತ್ತರದ ಕಲೋಲ್ ಮತ್ತು ಪಶ್ಚಿಮದ ಸಾಣಂದ್‌ಗಳಲ್ಲಿ ತೈಲವನ್ನು ಮೇಲಕ್ಕೆ ಕಳುಹಿಸುತ್ತಿರುವುದು ಈ ಪದರಗಳನ್ನು ಹೊತ್ತ ಖಂಭಾತ್ ಕುಸಿತಭೂಮಿಯೇ. ಅದರ ಶಿಲೆಯ ತುಣುಕೊಂದನ್ನು ಒಡೆದು, ನೆನೆಯಿಟ್ಟು, ತೊಳೆದು ಸೂಕ್ಷ್ಮದರ್ಶಕದ ಕೆಳಗೆ ಇರಿಸಿದಾಗಲೇ ಅಳಿದುಹೋದ ಕಡಲಿನ ನಿವಾಸಿಗಳು ಒಂದೊಂದಾಗಿ ಗೋಚರಿಸತೊಡಗುತ್ತವೆ.

ಈ ನಿವಾಸಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ನೀರಿನ ಮೇಲ್ಪದರಗಳಲ್ಲಿ ಪ್ರವಾಹಕ್ಕೆ ವಶವಾಗಿ ತೇಲುತ್ತ ಬಾಳಿದ ಸೂಕ್ಷ್ಮಪ್ಲವಕಗಳು ಮೊದಲನೆಯವು: ಸುಣ್ಣದ ಚಿಪ್ಪನ್ನು ಕಟ್ಟಿಕೊಳ್ಳುವ ಏಕಕೋಶಜೀವಿಗಳಾದ ಪ್ಲವಕ ಫೊರಾಮಿನಿಫೆರಗಳು, ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗಗಳಷ್ಟಿರುವ ಸುಣ್ಣದ ಬಿಲ್ಲೆಗಳನ್ನು ಮೈಗೆ ಹೊದ್ದ ಕೊಕ್ಕೊಲಿಥೊಫೋರ್‌ಗಳು, ಚಾವಟಿಯಂತಹ ಎಳೆಗಳನ್ನು ಬೀಸಿ ಈಜುತ್ತ, ಪ್ರತಿಕೂಲ ಕಾಲ ಬಂದಾಗ ಗಟ್ಟಿಯಾದ ಕವಚದೊಳಗೆ ಅಡಗಿ ಕುಳಿತುಬಿಡುವ ಡೈನೊಫ್ಲಾಜೆಲೇಟುಗಳು. ಫೊರಾಮಿನಿಫೆರಗಳ ವಂಶಕ್ಕೇ ಸೇರಿದ್ದರೂ ಕಡಲ ತಳದಲ್ಲಿ ಬಾಳಿ, ಬರಿಗಣ್ಣಿಗೆ ಕಾಣುವಷ್ಟು ಬೆಳೆದ ನಾಣ್ಯಾಕಾರದ ನಮ್ಮುಲೈಟ್ ಮೊದಲಾದವು ಎರಡನೆಯವು. ಇವುಗಳಿಗೆ ಹೆಸರಿಡುವ ಕಾರ್ಯವು ಪಶ್ಚಿಮ ಭಾರತದಲ್ಲಿ ಹೇಗೆ ಆರಂಭವಾಗಿ, ಯಾರ ಕೈಯಿಂದ ಯಾರ ಕೈಗೆ ಸಾಗಿ ಬಂದಿತೆಂಬುದೇ ಈ ಲೇಖನದ ವಿಷಯ.

ಗುಜರಾತಿನ ಮಣ್ಣು ಕನ್ನಡಿಗರಿಗೆ ಅಪರಿಚಿತವಾದುದೇನೂ ಅಲ್ಲ. ದ್ವಾರಕೆಯಿಂದ ಬಂದ ಹಡಗೊಂದು ಮಲ್ಪೆಯ ಸಮೀಪದಲ್ಲಿ ಅಪಾಯಕ್ಕೆ ಸಿಲುಕಿದಾಗ ಮಧ್ವಾಚಾರ್ಯರು ಅದನ್ನು ಕಾಪಾಡಿದರೆಂದೂ, ಕೃತಜ್ಞನಾದ ನಾವಿಕನು ಅರ್ಪಿಸಿದ ಗೋಪೀಚಂದನದ ಹೆಂಟೆಯೊಳಗೆ ಉಡುಪಿಯ ಕೃಷ್ಣನ ವಿಗ್ರಹವು ದೊರಕಿತೆಂದೂ ಸಂಪ್ರದಾಯವು ಹೇಳುತ್ತದೆ. ಆ ನಾಡಿನ ಮೃತ್ತಿಕೆಯನ್ನು ಹಣೆಗೂ ತೋಳಿಗೂ ಧರಿಸುವ ಆಚಾರವು ಕನ್ನಡ ಕರಾವಳಿಯ ಮನೆಮನೆಗಳಲ್ಲಿ ಇಂದಿಗೂ ನಡೆದುಬಂದಿದೆ. ಗುರ್ಜರ ಭೂಮಿಯೊಡನೆ ನಮಗಿರುವ ಇನ್ನೊಂದು ನಂಟು ಇಷ್ಟು ಪ್ರಸಿದ್ಧವಾದುದಲ್ಲ. ಸೂರತ್ ಮತ್ತು ಭರೂಚ್‌ಗಳ ಶಿಲೆಗಳಲ್ಲಿ ಅಡಗಿದ್ದ ಸೂಕ್ಷ್ಮ ಜೀವ್ಯವಶೇಷಗಳ ವರ್ಣನೆಯು ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಅಚ್ಚಾಯಿತೆಂಬುದನ್ನು ಬಲ್ಲವರು ವಿರಳ. ಆ ನಂಟಿನ ಬೆಲೆಯನ್ನು ತಿಳಿಯಬೇಕಾದರೆ ಇನ್ನೂ ಒಂದು ಶತಮಾನ ಹಿಂದಕ್ಕೆ ಹೋಗಬೇಕು.

ಬೊಂಬಾಯಿ ಎಂಜಿನಿಯರ್ಸ್ ದಳದ ಕ್ಯಾಪ್ಟನ್ ಗ್ರಾಂಟ್ ಎಂಬಾತನು ಕಚ್ಛದ ನೆಲವನ್ನು ಸುತ್ತಿ ಭೂನಕ್ಷೆಯೊಂದನ್ನು ಸಿದ್ಧಪಡಿಸಿದನು. ಅದರ ವಿವರಣೆಯು 1840ರಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಗ್ರಾಂಟನೂ ಅವನ ಸಮಕಾಲೀನನಾದ ಕ್ಯಾಪ್ಟನ್ ಸ್ಮೀಯೂ ಕಚ್ಛದಿಂದ ಒಯ್ದ ಶಿಲಾಜೀವಿಗಳು ಅದೇ ಸಂಪುಟದಲ್ಲಿ ವಿದ್ವಜ್ಜನರ ಗಮನಕ್ಕೆ ಬಂದವು. ಅವುಗಳನ್ನು ಪರೀಕ್ಷಿಸಿ, ಚಿತ್ರ ಬಿಡಿಸಿ, ನಾಮಕರಣ ಮಾಡಿದವನು ಜೇಮ್ಸ್ ಡಿ ಕಾರ್ಲ್ ಸವರ್ಬಿ. ಅವನು ಅಂದು ಇಟ್ಟ ಹೆಸರುಗಳಲ್ಲಿ ಅಕ್ಯೂಟಾ, ಆಬ್ಟ್ಯೂಸಾ, ಎಲಿಪ್ಟಿಕಾ, ಡಿಸ್ಪ್ಯಾನ್ಸಸ್ ಎಂಬವು ಫೊರಾಮಿನಿಫೆರಗಳಿಗೆ ಸೇರಿದವು. ಕಡೆಯದನ್ನು ತುಸು ನಿಂತು ನೋಡತಕ್ಕದ್ದು. ಸವರ್ಬಿ ಅದನ್ನು ಲೈಕೊಫ್ರಿಸ್ ಎಂಬ ಜಾತಿಯಲ್ಲಿ ಇರಿಸಿದ್ದನು. ಒಳರಚನೆಯ ಅಧ್ಯಯನ ಮುಂದುವರಿದಂತೆ ಅದು ಡಿಸ್ಕೊಸೈಕ್ಲಿನಾ ಎಂಬ ಬೇರೊಂದು ಜಾತಿಗೆ ಸೇರತಕ್ಕದ್ದೆಂದು ನಿರ್ಣಯವಾಯಿತು. ಜಾತಿಯ ಹೆಸರು ಬದಲಾಯಿತು, ಪ್ರಭೇದದ ಹೆಸರು ಉಳಿಯಿತು. ಇಂದು ಡಿಸ್ಕೊಸೈಕ್ಲಿನಾ ಡಿಸ್ಪ್ಯಾನ್ಸಾ ಎಂದು ಬರೆದು, ಅದರ ಮುಂದೆ ಸವರ್ಬಿಯ ಹೆಸರನ್ನೂ 1840 ಎಂಬ ವರ್ಷವನ್ನೂ ಕಂಸದೊಳಗೆ ಇರಿಸುತ್ತಾರೆ; ಮೂಲಕರ್ತನು ಇದನ್ನು ಬೇರೆ ಜಾತಿಯಲ್ಲಿ ವರ್ಣಿಸಿದ್ದನೆಂಬುದಕ್ಕೆ ಆ ಕಂಸವೇ ಸೂಚನೆ. ತುರ್ಕಿಯ ಬೆಟ್ಟಗಳಲ್ಲಿ ದುಡಿಯುವ ವಿದ್ವಾಂಸನೂ ಹಂಗೆರಿಯ ಗಣಿಗಳಲ್ಲಿ ಹುಡುಕುವ ವಿದ್ವಾಂಸನೂ ತಮ್ಮ ಮುಂದಿರುವ ಜೀವಿಯನ್ನು ಗುರುತಿಸಲು ಕಚ್ಛದ ಆ ಹಳೆಯ ಮಾದರಿಗೇ ಹಿಂತಿರುಗಬೇಕಾಗುತ್ತದೆ. ಪ್ರಾಣಿಗಳಿಗೆ ಹೆಸರಿಡುವ ನಿಯಮಗಳನ್ನು ಸ್ಟ್ರಿಕ್‌ಲ್ಯಾಂಡನ ಸಮಿತಿಯು ಬ್ರಿಟನ್ನಿನಲ್ಲಿ ಬರಹಕ್ಕೆ ಇಳಿಸಿದುದು 1842ರಲ್ಲಿ. ಸವರ್ಬಿಯ ಕಾಲಕ್ಕೆ ಅಂತಹ ಸಂಹಿತೆಯೊಂದಿರಲಿಲ್ಲವಾದರೂ ಅವನ ಚಿತ್ರಗಳೂ ವರ್ಣನೆಯೂ ಮುಂದಿನವರ ಪರೀಕ್ಷೆಗೆ ನಿಲ್ಲುವಷ್ಟು ನಿಷ್ಠೆಯಿಂದ ಕೂಡಿದ್ದವು. 1926ರಲ್ಲಿ ನಟಲ್ ಎಂಬ ವಿದ್ವಾಂಸನು ಪಶ್ಚಿಮ ಭಾರತದ ಈಯೋಸೀನ್ ಎಂಬ ಪ್ರಾಚೀನ ಯುಗದ ಸ್ತರಗಳ ದೊಡ್ಡ ಫೊರಾಮಿನಿಫೆರಗಳನ್ನು ಮತ್ತೊಮ್ಮೆ ವರ್ಣಿಸಿ, ಯಾವ ಪ್ರಭೇದವು ಯಾವ ಸ್ತರದಲ್ಲಿ ದೊರೆಯುವುದೆಂಬುದನ್ನು ವಿಂಗಡಿಸಿಕೊಟ್ಟನು.

ಇವು ಎಂತಹ ಜೀವಿಗಳೆಂಬುದೇ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ವಿವಾದದ ವಿಷಯವಾಗಿದ್ದಿತು. 1826ರಲ್ಲಿ ಫೊರಾಮಿನಿಫೆರಗಳಿಗೆ ಆ ಹೆಸರನ್ನು ಕೊಟ್ಟ ಫ್ರೆಂಚ್ ವಿದ್ವಾಂಸ ಡಾರ್ಬಿನಿ, ಸುರುಳಿ ಸುತ್ತಿದ ಅವುಗಳ ಚಿಪ್ಪನ್ನು ಕಂಡು, ಕಪ್ಪೆಬೊಂಡಾಸು ಮತ್ತು ನಾಟಿಲಸುಗಳ ವರ್ಗದಲ್ಲಿ ಅವನ್ನು ಇರಿಸಿದ್ದನು. ಜೀವಂತ ಫೊರಾಮಿನಿಫೆರಗಳನ್ನು ಪರೀಕ್ಷಿಸಿ, ಅವುಗಳ ದೇಹವು ಅತ್ಯಂತ ಸರಳವಾದ ಜೀವದ್ರವ್ಯವೆಂದು 1835ರಲ್ಲಿ ತೋರಿಸಿಕೊಟ್ಟವನು ದುಜಾರ್ದಿನ್. ಈ ಹೊಸ ತಿಳಿವಳಿಕೆಯನ್ನು ನಮ್ಮ ಪಶ್ಚಿಮ ತೀರಕ್ಕೆ ಅನ್ವಯಿಸಿದವನೆಂದರೆ ಬೊಂಬಾಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯನಾಗಿದ್ದ ಹೆನ್ರಿ ಜಾನ್ ಕಾರ್ಟರ್. ವೈದ್ಯವೃತ್ತಿಯ ಬಿಡುವಿನಲ್ಲಿ ಸೂಕ್ಷ್ಮದರ್ಶಕವನ್ನು ಹಿಡಿದು ಕುಳಿತ ಈ ಮನುಷ್ಯನು 1849ರಲ್ಲಿ, ರಾಯಲ್ ಏಷ್ಯಾಟಿಕ್ ಸೊಸೈಟಿಯ ಬೊಂಬಾಯಿ ಶಾಖೆಯ ಪತ್ರಿಕೆಯಲ್ಲಿ, ಅರೇಬಿಯ, ಸಿಂಧ್, ಕಚ್ಛ, ಕಾಠಿಯಾವಾಡಗಳ ಶಿಲೆಗಳಲ್ಲಿ ದೊರೆಯುವ ಫೊರಾಮಿನಿಫೆರಗಳನ್ನು ಕುರಿತು ಬರೆದನು. ಕಾಠಿಯಾವಾಡದ ಕರಾವಳಿಯ ಸುಣ್ಣಕಲ್ಲಿಗೆ ಮಿಲಿಯೊಲೈಟ್ ಎಂಬ ಹೆಸರು ಬಂದುದು ಆ ಲೇಖನದಿಂದ. ಪೋರಬಂದರಿನ ಕಲ್ಲೆಂದು ವ್ಯಾಪಾರದಲ್ಲಿ ಪ್ರಸಿದ್ಧವಾಗಿ ಬೊಂಬಾಯಿಯ ಅನೇಕ ಮಹಾಸೌಧಗಳಿಗೆ ಗೋಡೆಯಾದ ಶಿಲೆಯು ಇದೇ. ಒಂಬತ್ತು ವರ್ಷಗಳ ಬಳಿಕ, 1858ರಲ್ಲಿ, ಬೊಂಬಾಯಿ ದ್ವೀಪದ ಸುತ್ತಣ ಕಡಲನೀರು ಕೆಂಪೇರುವುದಕ್ಕೆ ಕಾರಣವಾದ ಪ್ಲವಕವನ್ನು ವರ್ಣಿಸಿ, ಪೆರಿಡಿನಿಯಮ್ ಸಾಂಗ್ವಿನಿಯಮ್ ಎಂದು ಅದಕ್ಕೆ ಹೆಸರಿಟ್ಟವನೂ ಕಾರ್ಟರನೇ. ಶಿಲೆಯಲ್ಲಿ ಹೂತ ಫೊರಾಮಿನಿಫೆರಗಳನ್ನು ವರ್ಣಿಸಿದ ಕೈಯೇ ಅಲೆಗಳಲ್ಲಿ ತೇಲುವ ಜೀವಂತ ಡೈನೊಫ್ಲಾಜೆಲೇಟನ್ನೂ ವರ್ಣಿಸಿದುದರಲ್ಲಿ ಔಚಿತ್ಯವಿದೆ. ಅಳಿದ ಸಮುದ್ರವನ್ನು ಅರಿಯಲು ಬಾಳುತ್ತಿರುವ ಸಮುದ್ರಕ್ಕಿಂತ ಉತ್ತಮವಾದ ಗುರುವಿಲ್ಲ.

ಹೊಸ ಪ್ರಭೇದವೊಂದನ್ನು ವರ್ಣಿಸಿ ಹೆಸರಿಡುವುದೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡುವುದು ಯುಕ್ತ. ಜೇಡಿಶಿಲೆಯನ್ನು ಸಣ್ಣ ಚೂರುಗಳಾಗಿ ಒಡೆದು, ನೀರಿನಲ್ಲೋ ಹೈಡ್ರೊಜನ್ ಪೆರಾಕ್ಸೈಡಿನ ದ್ರಾವಣದಲ್ಲೋ ನೆನೆಯಿಟ್ಟು ಕೆಸರಾಗಿಸಿ, ಕೂದಲೆಳೆಗಿಂತಲೂ ಕಿರಿದಾದ ಕಂಡಿಗಳುಳ್ಳ ಜರಡಿಯ ಮೇಲೆ ಧಾರೆಯ ನೀರಿನಲ್ಲಿ ತೊಳೆಯುತ್ತಾರೆ. ಜೇಡಿಯು ಹರಿದುಹೋಗಿ, ಜರಡಿಯಲ್ಲಿ ಚಿಟಿಕೆಯಷ್ಟು ಮರಳಿನಂತಹ ಶೇಷ ಉಳಿಯುತ್ತದೆ. ಅದನ್ನು ಒಣಗಿಸಿ, ಕರಿಯ ತಟ್ಟೆಯ ಮೇಲೆ ತೆಳುವಾಗಿ ಹರಡಿ, ಎರಡು ಕಣ್ಣುಗಳಿಂದಲೂ ನೋಡಬಹುದಾದ ಸೂಕ್ಷ್ಮದರ್ಶಕದಡಿಯಲ್ಲಿ, ತುದಿಯನ್ನು ಒದ್ದೆಮಾಡಿದ ನವಿರಾದ ಕುಂಚದಿಂದ ಚಿಪ್ಪುಗಳನ್ನು ಒಂದೊಂದಾಗಿ ಹೆಕ್ಕಿ, ಅಂಟು ಸವರಿದ ರಟ್ಟಿನ ಕುಳಿಯಲ್ಲಿ ಕೂರಿಸಬೇಕು. ದೊಡ್ಡ ಫೊರಾಮಿನಿಫೆರವಾದರೆ ಅದನ್ನು ಸರಿಯಾಗಿ ನಡುಮಧ್ಯಕ್ಕೆ ಬರುವಂತೆ ಕಲ್ಲಿನ ಮೇಲೆ ತೇಯ್ದು, ಬೆಳಕು ತೂರುವಷ್ಟು ತೆಳುವಾಗಿಸಬೇಕು; ತೇಯುವಾಗ ಕೈ ಒಂದಿಷ್ಟು ಹೆಚ್ಚು ಒತ್ತಿದರೂ ಮೊದಲ ಕೋಣೆಯು ಸವೆದುಹೋಗಿ ಆ ಮಾದರಿಯು ವ್ಯರ್ಥವಾಗುತ್ತದೆ. ಡೈನೊಫ್ಲಾಜೆಲೇಟಿನ ಕವಚವನ್ನು ಪಡೆಯಲು ಶಿಲೆಯನ್ನೇ ತೀಕ್ಷ್ಣವಾದ ಆಮ್ಲಗಳಲ್ಲಿ ಕರಗಿಸಬೇಕಾಗುತ್ತದೆ. ಕೊಕ್ಕೊಲಿಥ್‌ಗಳಿಗಾದರೆ ಸಾವಿರ ಪಟ್ಟು ದೊಡ್ಡದಾಗಿ ತೋರುವ ಮಸೂರಗಳೂ ಧ್ರುವೀಕೃತ ಬೆಳಕೂ ಬೇಕು.

ಆಮೇಲೆ ಹೋಲಿಕೆಯ ಕೆಲಸ. ಕೋಣೆಗಳೆಷ್ಟು, ಅವು ಸುತ್ತಿದ ಬಗೆ ಯಾವುದು, ಬಾಯಿ ಎಲ್ಲಿದೆ, ಮೇಲ್ಮೈ ನುಣುಪೋ ಮುಳ್ಳೋ, ಅಳತೆಗಳು ಎಷ್ಟರಿಂದ ಎಷ್ಟರವರೆಗೆ ಎಂಬುದನ್ನೆಲ್ಲ ಗುರುತುಹಾಕಿ, ಈ ಮೊದಲು ಹೆಸರು ಪಡೆದಿರುವ ಪ್ರಭೇದಗಳಲ್ಲಿ ಯಾವುದರೊಡನೆಯೂ ಅದು ಕೂಡುವುದಿಲ್ಲವೆಂದು ಸ್ಥಿರವಾದ ಮೇಲೆಯೇ ಹೊಸ ಹೆಸರಿಗೆ ಅಧಿಕಾರ ಬರುವುದು. ಆ ಹೆಸರು ಎರಡು ಪದಗಳದಾಗಿರಬೇಕು. ಮುದ್ರಿತ ವರ್ಣನೆಯೊಡನೆ ಪ್ರಕಟವಾಗಬೇಕು. ಒಂದು ನಿರ್ದಿಷ್ಟ ಚಿಪ್ಪನ್ನು ಮೂಲಮಾದರಿಯೆಂದು ಸಾರಿ, ಅದನ್ನು ಸಂಖ್ಯೆಯೊಡನೆ ಸಾರ್ವಜನಿಕ ಸಂಗ್ರಹವೊಂದರಲ್ಲಿ ಇರಿಸಿ, ಅದು ಯಾವ ಊರಿನ ಯಾವ ಸ್ತರದಿಂದ ಬಂದಿತೆಂಬುದನ್ನು ತಿಳಿಸಬೇಕು. ಒಂದೇ ಜೀವಿಗೆ ಎರಡು ಹೆಸರುಗಳು ಬಿದ್ದಿದ್ದರೆ ಮೊದಲು ಪ್ರಕಟವಾದುದಕ್ಕೇ ಮನ್ನಣೆ. ಫೊರಾಮಿನಿಫೆರಗಳು ಪ್ರಾಣಿಶಾಸ್ತ್ರದ ಸಂಹಿತೆಗೂ, ಡೈನೊಫ್ಲಾಜೆಲೇಟ್ ಮತ್ತು ಕೊಕ್ಕೊಲಿಥೊಫೋರ್‌ಗಳು ಸಸ್ಯಶಾಸ್ತ್ರದ ಸಂಹಿತೆಗೂ ಒಳಪಟ್ಟು ನಡೆಯುತ್ತವೆ. ಇಷ್ಟೆಲ್ಲ ಕಟ್ಟುಪಾಡುಗಳ ಉದ್ದೇಶ ಒಂದೇ: ನೂರು ವರ್ಷಗಳ ಮೇಲೆ ಬರುವ ಅಪರಿಚಿತನೊಬ್ಬನು ಹೆಸರಿನ ಜಾಡನ್ನು ಹಿಡಿದು, ಅದೇ ಚಿಪ್ಪನ್ನು ಕೈಗೆತ್ತಿಕೊಂಡು, ವರ್ಣಿಸಿದವನ ಮಾತು ನಿಜವೋ ಅಲ್ಲವೋ ಎಂಬುದನ್ನು ತಾನೇ ನೋಡಿಕೊಳ್ಳುವಂತಿರಬೇಕು.

ಇನ್ನು ಸೂರತಿನ ಮಾತು. ತಪತಿ ಮತ್ತು ನರ್ಮದೆಯ ಕೆಳಗಣ ಕಣಿವೆಗಳ ಭೂರಚನೆಯನ್ನು ಬ್ಲಾನ್‌ಫರ್ಡ್ ಎಂಬ ಭೂವಿಜ್ಞಾನಿಯು 1869ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದನು. ಲಾವಾಶಿಲೆಯ ಮೇಲೆ ಕುಳಿತ ಸುಣ್ಣಕಲ್ಲು, ಅದರ ಮೇಲೆ ಖಂಭಾತಿನ ಮಣಿಗಾರರಿಗೆ ಅಕೀಕನ್ನು ಒದಗಿಸಿಕೊಟ್ಟ ಬೆಣಚುಗಲ್ಲಿನ ಪದರಗಳು, ಇಷ್ಟು ತಿಳಿದಿದ್ದಿತು. ಈ ಸ್ತರಗಳ ಕ್ರಮವನ್ನು ಸೂಕ್ಷ್ಮಜೀವಿಗಳ ಸಾಕ್ಷ್ಯದಿಂದ ನಿರ್ಣಯಿಸಲು ಮುಂದಾದವರು ಎಸ್. ಆರ್. ನಾರಾಯಣರಾಯರು. ಸೂರತ್ ಮತ್ತು ಭರೂಚ್ ಸಮೀಪದ ತೃತೀಯಯುಗದ ಸ್ತರಾನುಕ್ರಮವನ್ನೂ, ಅಲ್ಲಿಯ ಉತ್ತರ ಈಯೋಸೀನ್ ಶಿಲೆಗಳಲ್ಲಿ ದೊರೆತ ಪೆಲ್ಲಾಟಿಸ್ಪೈರಾ ಎಂಬ ಫೊರಾಮಿನಿಫೆರ ಜಾತಿಯನ್ನೂ ವರ್ಣಿಸಿದ ಅವರ ಪ್ರಬಂಧವು 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅರ್ಧವಾರ್ಷಿಕ ಪತ್ರಿಕೆಯಲ್ಲಿ ಬೆಳಕು ಕಂಡಿತು.

ಆ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ನೆನೆದರೆ ಇದು ಆಕಸ್ಮಿಕವಲ್ಲವೆಂಬುದು ಸ್ಪಷ್ಟವಾಗುತ್ತದೆ. ಕನ್ನಡದ ಮೊದಲ ವಿಜ್ಞಾನ ಪತ್ರಿಕೆಯಾದ 'ವಿಜ್ಞಾನ'ವನ್ನು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ ಹೊರತಂದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತವಿಜ್ಞಾನವನ್ನು ಬೋಧಿಸಿದ ಕಾಲೇಜು ಅದು. ಭೂವಿಜ್ಞಾನದಲ್ಲಿ ಅಲ್ಲಿ ಪ್ರೊಫೆಸರ್ ಎಲ್. ರಾಮರಾಯರಿದ್ದರು. ಮೈಸೂರು ಸೀಮೆಯ ನೆಲವೋ ಬಹುಮಟ್ಟಿಗೆ ಜೀವ್ಯವಶೇಷಗಳೇ ಇಲ್ಲದ ಅತಿ ಪ್ರಾಚೀನ ಗಟ್ಟಿಶಿಲೆ. ಅಂತಹ ನೆಲದಲ್ಲಿ ಕುಳಿತು ರಾಮರಾಯರು ತಿರುಚಿನಾಪಳ್ಳಿಯ ಸುಣ್ಣಕಲ್ಲುಗಳ ಕಡೆಗೆ ದೃಷ್ಟಿ ಹರಿಸಿ, ಅಲ್ಲಿಯ ಶಿಲೀಭೂತ ಪಾಚಿಗಳನ್ನು ವಿಯೆನ್ನಾದ ಜೂಲಿಯಸ್ ಪಿಯಾ ಎಂಬ ವಿದ್ವಾಂಸನೊಡನೆ ವರ್ಣಿಸಿ 1936ರಲ್ಲಿ ಪ್ರಕಟಿಸಿದರು. ಸ್ವಂತ ನೆಲದಲ್ಲಿ ದೊರೆಯದುದನ್ನು ದೂರದ ನೆಲದಲ್ಲಿ ಹುಡುಕಿ, ಅದರ ಸೂಕ್ಷ್ಮ ರಚನೆಯನ್ನು ತೆಳುಬಿಲ್ಲೆಗಳಲ್ಲಿ ಓದುವ ಅಭ್ಯಾಸವು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹೀಗೆ ಬೇರೂರಿತ್ತು. ನಾರಾಯಣರಾಯರ ಸೂರತ್ ಪ್ರಬಂಧವು ಆ ಅಭ್ಯಾಸದ ಫಲ. ಮುಂದೆ ಅವರು ಲಖನೌಗೆ ತೆರಳಿದಾಗಲೂ ಸೂಕ್ಷ್ಮಜೀವ್ಯವಶೇಷಗಳ ಅಧ್ಯಯನವನ್ನೇ ಮುಂದುವರಿಸಿದರು.

ಪೆಲ್ಲಾಟಿಸ್ಪೈರಾದ ಚಿಪ್ಪು ಕೆಲವೇ ಮಿಲಿಮೀಟರ್ ಅಗಲದ್ದು. ಕೋಣೆಗಳು ಒಂದೇ ಸಮತಲದಲ್ಲಿ ಸುರುಳಿ ಸುತ್ತಿಕೊಂಡಿದ್ದು, ಸುತ್ತುಗಳ ನಡುವಣ ತೆರಪನ್ನು ಸೂಕ್ಷ್ಮನಾಳಗಳಿಂದ ಕೂಡಿದ ದಪ್ಪ ಸುಣ್ಣದ ಕವಚವು ತುಂಬಿರುತ್ತದೆ. 1906ರಲ್ಲಿ ಬೂಸ್ಸಾಕ್ ಎಂಬ ಫ್ರೆಂಚ್ ವಿದ್ವಾಂಸನು ಈ ಜಾತಿಯನ್ನು ಸ್ಥಾಪಿಸಿದನು. ಹಂಗೆರಿಯಲ್ಲಿ ದೊರೆತ ಇದರ ಒಂದು ಪ್ರಭೇದವನ್ನು ಹಾಂಟ್ಕೆನ್ ಎಂಬಾತನು 1875ರಷ್ಟು ಹಿಂದೆಯೇ ನಮ್ಮುಲೈಟ್ ಎಂದು ತಿಳಿದು ವರ್ಣಿಸಿದ್ದನು. ಯೂರೋಪಿನಿಂದ ಜಾವಾದವರೆಗಿನ ಸ್ತರಗಳಲ್ಲಿ ದೊರೆಯುವ ಈ ಜೀವಿಯು ಈಯೋಸೀನ್ ಯುಗದ ಕೊನೆಯ ಭಾಗದಲ್ಲಿ ವರ್ಧಿಸಿ, ಆ ಯುಗ ಮುಗಿಯುವುದರೊಳಗೆ ನಿರ್ವಂಶವಾಯಿತು. ಆದುದರಿಂದ ಅದು ಕಂಡ ಶಿಲೆಯ ವಯಸ್ಸನ್ನು ಸಂಕೋಚವಿಲ್ಲದೆ ಹೇಳಬಹುದು. ಸೂರತಿನ ಬಳಿ ಅದನ್ನು ಗುರುತಿಸಿದುದರ ಅರ್ಥವಿಷ್ಟು: ಉತ್ತರ ಈಯೋಸೀನ್ ಕಾಲದ ಬೆಚ್ಚನೆ ತಿಳಿಗಡಲೊಂದು ಇಂದಿನ ಗುಜರಾತಿನ ದಕ್ಷಿಣ ಭಾಗವನ್ನು ಆವರಿಸಿದ್ದಿತು; ಮತ್ತು ಆ ಕಡಲು ಯೂರೋಪಿನ ಕಡೆಗೂ ಪೂರ್ವದ್ವೀಪಗಳ ಕಡೆಗೂ ತೆರೆದುಕೊಂಡಿದ್ದಿತು.

ಈ ಜ್ಞಾನಕ್ಕೆ ವ್ಯಾವಹಾರಿಕವಾದ ಬೆಲೆ ಬಂದುದು ಸ್ವಾತಂತ್ರ್ಯದ ತರುವಾಯ. ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು 1956ರಲ್ಲಿ ಸ್ಥಾಪಿತವಾಯಿತು. 1958ರಲ್ಲಿ ಖಂಭಾತಿನ ಸಮೀಪದ ಲುಣೇಜಿನಲ್ಲಿಯೂ 1960ರಲ್ಲಿ ಅಂಕಲೇಶ್ವರದಲ್ಲಿಯೂ ಎಣ್ಣೆ ಚಿಮ್ಮಿತು. ಬಾವಿ ಕೊರೆಯುವಾಗ ಕೆಸರಿನೊಡನೆ ಮೇಲೆ ಬರುವ ಶಿಲೆಯ ಚೂರುಗಳು ಕಾಳಿನಷ್ಟು ಸಣ್ಣವು. ಶಂಖವಾಗಲಿ ಮೂಳೆಯಾಗಲಿ ಅವುಗಳಲ್ಲಿ ಇಡಿಯಾಗಿ ಬರುವಂತಿಲ್ಲ. ಫೊರಾಮಿನಿಫೆರಗಳಾದರೋ ನೂರಾರು ಸಂಖ್ಯೆಯಲ್ಲಿ ಅಖಂಡವಾಗಿ ಬರುತ್ತವೆ. ಕೊಳವೆಯ ತುದಿಯು ಯಾವ ಯುಗದ ಸ್ತರದಲ್ಲಿದೆ, ಎಣ್ಣೆಯ ಮರಳುಗಲ್ಲು ಇನ್ನೂ ಕೆಳಗಿದೆಯೋ ದಾಟಿಹೋಯಿತೋ ಎಂಬುದನ್ನು ಬಾವಿಯ ಬಳಿಯಲ್ಲಿರುವವರಿಗೆ ತಿಳಿಸುವವನು ಕುಂಚ ಹಿಡಿದು ಕುಳಿತ ಸೂಕ್ಷ್ಮಜೀವಶಾಸ್ತ್ರಜ್ಞನೇ. ಅಸ್ಸಾಮಿನ ತೈಲ ಕಂಪನಿಯಲ್ಲಿ ಇದೇ ಕೆಲಸದಲ್ಲಿದ್ದ ವೈ. ನಾಗಪ್ಪನವರು 1959ರಲ್ಲಿ ಭಾರತ, ಪಾಕಿಸ್ತಾನ, ಬರ್ಮಾ ಪ್ರದೇಶಗಳ ಕ್ರಿಟೇಷಿಯಸ್ ಮತ್ತು ಈಯೋಸೀನ್ ಸ್ತರಗಳನ್ನು ಫೊರಾಮಿನಿಫೆರಗಳ ಆಧಾರದಿಂದ ಒಟ್ಟುಗೂಡಿಸಿ ಬರೆದ ದೀರ್ಘ ಪ್ರಬಂಧವು ಮುಂದಿನವರಿಗೆಲ್ಲ ಆಧಾರಗ್ರಂಥವಾಯಿತು.

ತಳವಾಸಿಗಳಾದ ದೊಡ್ಡ ಫೊರಾಮಿನಿಫೆರಗಳಿಂದ ತೇಲುವ ಪ್ಲವಕಗಳ ಕಡೆಗೆ ಗಮನವು ಹೊರಳಿದುದು ಈ ಕಾಲದಲ್ಲಿಯೇ. ಪ್ಲವಕವು ಪ್ರವಾಹಗಳೊಡನೆ ದೂರದೂರಕ್ಕೆ ಹರಡುವುದರಿಂದ ಒಂದೇ ಪ್ರಭೇದವು ಭೂಮಿಯ ಎದುರುಬದುರಿನ ಸಾಗರಗಳಲ್ಲಿ ಏಕಕಾಲಕ್ಕೆ ಕಾಣಿಸಿಕೊಳ್ಳುತ್ತದೆ. ಮದನ್ ಮೋಹನ್ ಮತ್ತು ಸೂಡಾನ್ ಎಂಬಿಬ್ಬರು ವಿದ್ವಾಂಸರು ಕಚ್ಛದ ಮಧ್ಯ ಈಯೋಸೀನ್ ಸ್ತರಗಳನ್ನು ಪ್ಲವಕ ಫೊರಾಮಿನಿಫೆರಗಳ ವಲಯಗಳಾಗಿ 1970ರಲ್ಲಿ ವಿಂಗಡಿಸಿದರು. ಈ ಸ್ತರಗಳಲ್ಲಿ ದೊರೆಯುವ ಆರ್ಬುಲಿನಾಯ್ಡಿಸ್ ಬೆಕ್‌ಮನೈ ಎಂಬ ಪ್ರಭೇದದ ಚರಿತ್ರೆಯು ನಾಮಕರಣದ ಶಿಸ್ತಿಗೆ ಒಳ್ಳೆಯ ನಿದರ್ಶನ. ಕೊನೆಯ ಕೋಣೆಯು ಹಿಂದಿನವನ್ನೆಲ್ಲ ಬಳಸಿ ಅಪ್ಪಿಕೊಂಡು ಬಹುತೇಕ ಪೂರ್ಣಗೋಳವಾಗಿ, ಹೊಲಿಗೆಗಳ ಉದ್ದಕ್ಕೂ ಸಾಲುಸಾಲು ಕಿರುರಂಧ್ರಗಳುಳ್ಳ ಈ ಚೆಲುವಾದ ಚಿಪ್ಪನ್ನು ವಿದ್ವಾಂಸರು ಬಹುಕಾಲ ಮೆಕ್ಸಿಕಾನಾ ಎಂಬ ಹೆಸರಿನಿಂದ ಕರೆಯುತ್ತಿದ್ದರು. 1925ರಲ್ಲಿ ಕುಶ್ಮನ್ ಎಂಬ ಅಮೆರಿಕನ್ ವಿದ್ವಾಂಸನು ಆ ಹೆಸರನ್ನು ಕೊಟ್ಟಿದ್ದ ಮೂಲಮಾದರಿಯು ವಾಸ್ತವವಾಗಿ ಬೇರೊಂದು ಪ್ರಭೇದವೆಂದು ತಿಳಿಯಲು, ಹೆಸರಿಲ್ಲದೆ ನಿಂತ ಗೋಳಾಕಾರದ ಜೀವಿಗೆ 1962ರಲ್ಲಿ ಜಪಾನಿನ ಸೈಟೊ ಎಂಬವರು, ಹಹಜಿಮಾ ದ್ವೀಪದ ಮಾದರಿಗಳನ್ನು ಆಧರಿಸಿ, ಬೆಕ್‌ಮನ್ ಎಂಬ ವಿದ್ವಾಂಸರ ಗೌರವಾರ್ಥವಾಗಿ ಈಗಿನ ಪ್ರಭೇದನಾಮವನ್ನು ಕೊಟ್ಟರು. ಜಾತಿಯ ಹೆಸರು 1968ರಲ್ಲಿ ಬಂದಿತು. ಈ ಜೀವಿಯು ಸುಮಾರು 4 ಕೋಟಿ ವರ್ಷಗಳ ಹಿಂದೆ, ಹತ್ತು ಲಕ್ಷ ವರ್ಷಗಳಿಗಿಂತಲೂ ಅಲ್ಪವಾದ ಅವಧಿಯಲ್ಲಿ, ಸಾಗರಗಳು ವಿಶೇಷವಾಗಿ ಬೆಚ್ಚಗಾದ ಕಾಲದಲ್ಲಿ ಬಾಳಿ ಅಳಿಯಿತು. ಕಚ್ಛದ ಒಣನೆಲದಲ್ಲಿ ಅದನ್ನು ಕಂಡವನು, ತನ್ನ ಕೈಯಲ್ಲಿರುವ ಶಿಲೆಯೂ ಶಾಂತಸಾಗರದ ಆ ದ್ವೀಪದ ಶಿಲೆಯೂ ಒಂದೇ ಕಾಲದಲ್ಲಿ ಕೆಸರಾಗಿದ್ದವೆಂದು ಧೈರ್ಯದಿಂದ ಹೇಳಬಲ್ಲನು. ಹೆಸರು ತಪ್ಪಾಗಿಯೇ ಉಳಿದಿದ್ದಲ್ಲಿ ಈ ಮಾತಿಗೆ ಆಧಾರವಿರುತ್ತಿರಲಿಲ್ಲ.

ಸೂರತಿನ ಸೂಕ್ಷ್ಮಜೀವ್ಯವಶೇಷಗಳ ಅಧ್ಯಯನವು ನಾರಾಯಣರಾಯರೊಡನೆ ಮುಗಿಯಲಿಲ್ಲ. ಲುಣೇಜಿನಲ್ಲಿ ಎಣ್ಣೆ ಚಿಮ್ಮಿದ ಸುಮಾರು ಅರ್ಧಶತಮಾನದ ಬಳಿಕ, ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಬಾವಲಿಗಳೇ ಮೊದಲಾದ ಅತಿ ಪ್ರಾಚೀನ ಸಸ್ತನಿಗಳ ಅವಶೇಷಗಳು ದೊರೆತು ಲೋಕದ ಗಮನವು ಅತ್ತ ಹರಿದಾಗ, ಅವುಗಳ ವಯಸ್ಸೆಷ್ಟೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿದುದು ಅದೇ ಗಣಿಯ ನಮ್ಮುಲೈಟ್ ಮತ್ತು ಡೈನೊಫ್ಲಾಜೆಲೇಟುಗಳಲ್ಲಿ. ಆ ಡೈನೊಫ್ಲಾಜೆಲೇಟುಗಳನ್ನು ಕುರಿತ ಪ್ರಬಂಧವು 2008ರಲ್ಲಿ ಪ್ರಕಟವಾದುದು ಲಖನೌದ ಪೇಲಿಯಾಂಟಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯಲ್ಲಿ. ನೆಲದ ಮೇಲೆ ಓಡಾಡಿದ ಪ್ರಾಣಿಯ ಜನ್ಮಕಾಲವನ್ನು ಕಡಲಿನಲ್ಲಿ ತೇಲಿದ ಅಣುಜೀವಿಯು ಸಾಕ್ಷಿ ನಿಂತು ಹೇಳಿತು. ಆ ಅಣುಜೀವಿಗಳಿಗೆ ಹಿಂದಿನವರು ಎಚ್ಚರದಿಂದ ಹೆಸರಿಟ್ಟಿದ್ದುದರಿಂದಲೇ ಅವುಗಳ ಸಾಕ್ಷ್ಯ ನಡೆಯಿತು.

ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಆವರಣವೊಂದು ಬೋಪಾಲಿನಲ್ಲಿದೆ. ಸಮುದ್ರದ ಬಣ್ಣವನ್ನು ಆಕಾಶದಿಂದ ಅಳೆದು, ಅರಬ್ಬೀಸಮುದ್ರದ ಯಾವ ಭಾಗದಲ್ಲಿ ಪ್ಲವಕವು ಸಮೃದ್ಧವಾಗಿದೆಯೆಂದು ಹೇಳಬಲ್ಲ ಉಪಕರಣವನ್ನು ಈ ಕೇಂದ್ರವು ನಿರ್ಮಿಸಿತು. 1999ರ ಮೇ 26ರಂದು ಓಷನ್‌ಸ್ಯಾಟ್ ಉಪಗ್ರಹದೊಡನೆ ಅದು ಮೇಲೇರಿತು. ಉಪಗ್ರಹವು ಕಾಣುವುದು ಇಂದಿನ ಕಡಲನ್ನು. ಕೋಟ್ಯಂತರ ವರ್ಷಗಳ ಹಿಂದಣ ಕಡಲು ಎಷ್ಟು ಬೆಚ್ಚಗಿದ್ದಿತು, ಎಲ್ಲಿಯವರೆಗೆ ನುಗ್ಗಿಬಂದಿದ್ದಿತೆಂಬುದನ್ನು ಅರಿಯಲು ಇಂದಿಗೂ ಜರಡಿ, ಕುಂಚ, ಸೂಕ್ಷ್ಮದರ್ಶಕ ಮತ್ತು ಸರಿಯಾದ ಹೆಸರು ಇವೇ ಬೇಕು.

ಆದುದರಿಂದ ಓದುಗರಲ್ಲಿ, ವಿಶೇಷವಾಗಿ ಕಾಲೇಜು ವಿಶ್ವವಿದ್ಯಾನಿಲಯಗಳ ಹೊಣೆ ಹೊತ್ತವರಲ್ಲಿ, ಒಂದು ವಿಜ್ಞಾಪನೆ. ಲಿಗ್ನೈಟ್ ಮುಗಿದ ಗಣಿಯನ್ನು ಮುಚ್ಚುವಾಗ, ಸುಣ್ಣಕಲ್ಲಿನ ಗುಡ್ಡವನ್ನು ಸಿಮೆಂಟಿಗಾಗಿ ಅಗೆಯುವಾಗ, ಹೆಸರುಗಳಿಗೆ ನೆಲೆಯಾದ ಸ್ತರದ ಒಂದು ಅಂಚನ್ನಾದರೂ ಮುಂದಿನವರ ಪರೀಕ್ಷೆಗೆ ಉಳಿಸಬೇಕು. ಹಳೆಯ ಭೂವಿಜ್ಞಾನ ವಿಭಾಗಗಳ ಕಪಾಟುಗಳಲ್ಲಿ ಧೂಳು ಹಿಡಿದು ಕುಳಿತಿರುವ ರಟ್ಟಿನ ಕುಳಿಗಳನ್ನೂ ಗಾಜಿನ ಪಟ್ಟಿಗಳನ್ನೂ, ಅವುಗಳಿಗೆ ಅಂಟಿಸಿದ ಚೀಟಿಗಳ ಸಹಿತ, ಸ್ಥಳಾಭಾವದ ನೆಪದಿಂದ ಹೊರಗೆಸೆಯದೆ ಪಟ್ಟಿಮಾಡಿ ಕಾಪಾಡಬೇಕು. 1941ರ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಂತಹ ಸಂಪುಟಗಳು ಯಾವ ಊರಿನ ವಿದ್ಯಾರ್ಥಿಗೂ ಸುಲಭವಾಗಿ ದೊರೆಯುವಂತಾಗಬೇಕು. ಮೂಲಮಾದರಿ ಕಳೆದುಹೋದರೆ ಹೆಸರು ಬರಿಯ ಶಬ್ದವಾಗುತ್ತದೆ. ಅದನ್ನು ಕಾಪಾಡುವ ಹೊಣೆ ಇಟ್ಟವರದಲ್ಲ, ಪಡೆದವರಾದ ನಮ್ಮದು.